ಅತ್ತೆಯ ಹೆಸರಿನ ನಾಲ್ವರು ಹುಡುಗಿಯರು

ವರ್ಗಾವಣೆಯ ಆದೇಶ ಬಂದಾಗ ಮಂಡ್ಯದ ಕಡೆಯ ನನ್ನ ಹಳೆಯ ಶಾಲೆಯವರು ಶಾಲು ಹೊದಿಸಿ, ‘ಸ್ವಂತ ಊರಿಗೆ ಹೋಗ್ತಿದ್ದೀರಿ, ಪುಣ್ಯ ಮಾಡಿದ್ರಿ’ ಎಂದರು. ಸಿಂದಗಿ ತಾಲೂಕಿನ ನಮ್ಮ ಊರು ನನಗೆ ಎರಡು ಸಲ ಸ್ವಂತದ್ದು. ಹುಟ್ಟಿದ್ದೂ ಅಲ್ಲೇ, ಮದುವೆ ಮಾಡಿ ಕೊಟ್ಟಿದ್ದೂ ಅಲ್ಲೇ. ತವರುಮನೆಗೂ ಗಂಡನ ಮನೆಗೂ ನಡುವೆ ಎರಡು ಓಣಿ. ಹನ್ನೊಂದು ವರ್ಷ ಹೊರಗಿದ್ದು ತಿರುಗಿ ಬಂದವಳಿಗೆ ಊರಿನ ಪ್ರೌಢಶಾಲೆಯಲ್ಲಿ ಒಂದು ಕುರ್ಚಿ, ಒಂದು ಹಾಜರಿ ಪುಸ್ತಕ ಮತ್ತು ಗಾಳಿ ಹೋದ ಎರಡು ವಾಲಿಬಾಲು ಕಾದಿದ್ದವು. ಗಂಡನಿಗೆ ಆಲಮಟ್ಟಿಯಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಮನೆಯಲ್ಲಿ ನಾನು ಮತ್ತು ಅತ್ತೆ. ಮನೆಯ ಹಿತ್ತಲ ಗೋಡೆಗೆ ಹತ್ತಿಕೊಂಡೇ ಶಾಲೆಯ ಮೈದಾನ.

ಮೊದಲನೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಹಾಜರಿ ಕರೆಯಲು ಶುರು ಮಾಡಿದೆ. ಐದನೆಯ ನಂಬರಿಗೆ ಬಂದು ಬಾಯಿ ನಿಂತುಹೋಯಿತು. ಅಲ್ಲಿ ಬರೆದಿದ್ದು ನನ್ನ ಅತ್ತೆಯ ಹೆಸರು.

ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಮಾವನ ಹೆಸರೂ ಹಾಗೆಯೇ, ಗಂಡನದೂ ಹಾಗೆಯೇ. ಬರೆಯಬಹುದು, ಓದಿಕೊಳ್ಳಬಹುದು, ಉಸಿರಿಗೆ ಮಾತ್ರ ತರುವಂತಿಲ್ಲ. ಯಾರೂ ಇದನ್ನು ಕೂಡಿಸಿಕೊಂಡು ಕಲಿಸಿದ್ದಲ್ಲ. ಮದುವೆಯಾದ ಮರುದಿನವೇ ನಾಲಿಗೆ ತಾನೇ ಕಲಿತುಬಿಡುತ್ತದೆ. ಹುಡುಗಿಯಾಗಿದ್ದಾಗ ಇದೇ ಹೆಸರಿನ ಗೆಳತಿಯನ್ನು ನಾನು ಮಾಳಿಗೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದವಳು. ಮದುವೆಯಾದ ಮೇಲೆ ಅವಳೂ ‘ಏ ಗೆಳತಿ’ ಆದಳು. ದೈಹಿಕ ಶಿಕ್ಷಣದಲ್ಲಿ ಪದವಿ ತೆಗೆದುಕೊಂಡವಳು, ಟ್ರ್ಯಾಕ್ ಸೂಟಿನಲ್ಲಿ ಊರೊಳಗೆ ತಿರುಗಾಡುವವಳು ಇಂಥದ್ದಕ್ಕೆ ಹೆದರುವುದೇ ಎಂದು ನೀವು ನಗಬಹುದು. ನಾನೂ ನಕ್ಕಿದ್ದೇನೆ, ಆದರೆ ಹೆಸರು ಮಾತ್ರ ಹೇಳಲಿಲ್ಲ.

ಅದು ನಮ್ಮೂರ ದೇವಿಯ ಹೆಸರು. ಹಾಗಾಗಿ ಆ ಒಂದೇ ತರಗತಿಯಲ್ಲಿ ಆ ಹೆಸರಿನವರು ನಾಲ್ವರಿದ್ದರು. ದಕ್ಷಿಣದಲ್ಲಿ ಹನ್ನೊಂದು ವರ್ಷ ಈ ಹೆಸರು ನನ್ನ ಹಾಜರಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಗೋಡೆಯ ಆಚೆ ಅತ್ತೆ ಕಾಳು ಹಸನು ಮಾಡುತ್ತಾ ಕುಳಿತಿರುವ ಸದ್ದು ಕೇಳುತ್ತಿತ್ತು. ‘ಐದು’ ಎಂದೆ. ಹುಡುಗಿ ‘ಹಾಜರ್ರಿ’ ಎಂದಳು. ಅವತ್ತಿನಿಂದ ಆ ನಾಲ್ವರಿಗೆ ನಾನೇ ಹೆಸರಿಟ್ಟೆ: ಉದ್ದ ಜಡೆ, ಮೂಲಿಮನಿ, ಸಣ್ಣಾಕಿ, ನೀಲಿ ರಿಬ್ಬನ್. ಹುಡುಗಿಯರಿಗೆ ಕಾರಣ ಗೊತ್ತಿತ್ತು. ಅವರ ತಾಯಂದಿರೂ ತಮ್ಮ ತಮ್ಮ ಮನೆಗಳಲ್ಲಿ ಇಂಥದ್ದೇ ದಾರಿ ಹುಡುಕಿಕೊಂಡವರು.

ನೀಲಿ ರಿಬ್ಬನ್ ಓಡುವ ಹುಡುಗಿ. ನಾನು ಕಲಿಸಿ ಓಡಿದವಳಲ್ಲ, ನಾನು ಬರುವ ಮುಂಚೆಯೇ ಓಡುತ್ತಿದ್ದಳು. ಮೈದಾನದ ಸುತ್ತ ಒಂದೇ ಹದದಲ್ಲಿ, ಮುಖದ ಮೇಲೆ ಏನೂ ತೋರಿಸದೆ, ಹಿಟ್ಟು ಬೀಸಿಸಿಕೊಂಡು ಬರಲು ಹೊರಟವಳಂತೆ ಓಡುತ್ತಿದ್ದಳು. ನನ್ನ ಕೆಲಸದಲ್ಲಿ ಅಂಥ ಹುಡುಗಿಯರು ಇಬ್ಬರೋ ಮೂವರೋ ಸಿಗುತ್ತಾರೆ, ಅಷ್ಟೆ. ಅವಳ ಅಪ್ಪ ಊರಿಗೂ ಸಿಂದಗಿಗೂ ಟಂಟಂ ಆಟೋ ಓಡಿಸುವವನು. ಒಳ್ಳೆಯ ಮನುಷ್ಯ, ಆದರೆ ಮಗಳು ಚಡ್ಡಿ ಹಾಕಿಕೊಂಡು ನಾಲ್ಕು ಮಂದಿಯ ಮುಂದೆ ಓಡುವುದು ಅವನಿಗೆ ಸೇರದು. ನಾನು ಮನೆಗೆ ಹೋಗಿ ಕೇಳಿದಾಗ ಹೇಳಿದ:

“ಈ ವರ್ಷ ಒಂದ್ ಸಲ ಓಡ್ಲಿ ಟೀಚರ್ರ. ತಾಲೂಕಿನ್ಯಾಗ ಗೆದ್ದು ಜಿಲ್ಲಾಕ್ಕ ಹೋದ್ಲಂದ್ರ ಮುಂದ ನೋಡೂಣು. ಇಲ್ಲಂದ್ರ ನೀವೂ ಬಿಡ್ರಿ, ನಾನೂ ಬಿಡ್ತೇನಿ.”

ಒಪ್ಪಿಕೊಂಡೆ. ಬೇರೆ ದಾರಿಯೂ ಇರಲಿಲ್ಲ. ತಾಲೂಕಿನಲ್ಲಿ ಮೊದಲೆರಡು ಸ್ಥಾನದವರು ಜಿಲ್ಲೆಗೆ ಹೋಗುತ್ತಾರೆ.

ಅವಳದು ಎಂಟುನೂರು ಮೀಟರ್. ನಮ್ಮ ಮೈದಾನವನ್ನು ಬೇವಿನ ಮರಗಳ ಹೊರಗಿನಿಂದ ಮೂರು ಸುತ್ತು ಹಾಕಿದರೆ ಹೆಚ್ಚುಕಡಿಮೆ ಎಂಟುನೂರಾಗುತ್ತದೆ. ಎರಡು ತಿಂಗಳು ಅವಳು ದಿನಾ ಬೆಳಗ್ಗೆ ಮೂರು ಸುತ್ತು ಓಡಿದಳು. ಕ್ರೀಡಾಕೂಟಕ್ಕೆ ಗೆರೆ ಹಾಕಿದ ಸಿಂದಗಿಯ ಮೈದಾನದ ಸುತ್ತು ಚಿಕ್ಕದು, ಅಲ್ಲಿ ನಾಲ್ಕು ಸುತ್ತು. ಇದನ್ನು ನಾನು ಹೇಳಿದ್ದೆ. ಮೂರು ಸುತ್ತಿನ ರೂಢಿ ಕಾಲಿಗೆ ಹತ್ತಿದ ಮೇಲೆ ಬರೀ ಹೇಳಿದರೆ ಸಾಲದು ಎಂಬುದು ನನಗೆ ಹೊಳೆಯಬೇಕಿತ್ತು. ತಪ್ಪು ನನ್ನದೇ.

ಕ್ರೀಡಾಕೂಟದ ದಿನವೇ ಅತ್ತೆಯ ಕಣ್ಣಿನ ತಪಾಸಣೆಯೂ ಬಿತ್ತು. ಹುಡುಗಿಯ ಅಪ್ಪನ ಟಂಟಂನಲ್ಲಿ ಹಿಂದೆ ಹುಡುಗಿಯರು, ಮುಂದೆ ಅತ್ತೆ. ಸಿಂದಗಿಯ ದವಾಖಾನೆಯ ಕಿಟಕಿಯಲ್ಲಿ ಚೀಟಿ ಬರೆಯುವವನು “ಪೇಶಂಟ್ ಹೆಸರೇನ್ರಿ?” ಎಂದು ಕೇಳಿದ. ನಾನು ಮಾತಾಡದೆ ಆಧಾರ್ ಕಾರ್ಡು ಒಳಗೆ ತಳ್ಳಿದೆ. ಅವನು ಕಾರ್ಡು ನೋಡಿ, ನನ್ನ ಟ್ರ್ಯಾಕ್ ಸೂಟು ನೋಡಿ, ನಕ್ಕ. ಒಳಗಿನಿಂದ ಕರೆಯುವಾಗ ನರ್ಸು “ಅಜ್ಜಿ, ಬರ್ರಿ ನೀವು” ಎಂದಳು. ಕಣ್ಣಿಗೆ ಪಾಪೆ ಅಗಲವಾಗುವ ಔಷಧ ಹಾಕಿ, ಸಂಜೆಯ ತನಕ ಎಲ್ಲ ಮಂಜುಮಂಜಾಗಿ ಕಾಣುತ್ತದೆ ಎಂದು ಹೇಳಿ, ದಿನಕ್ಕೆ ಮೂರು ಸಲ ಹಾಕುವ ಇನ್ನೊಂದು ಸೀಸೆ ಕೊಟ್ಟು ಕಳಿಸಿದರು. ಕೈ ಹಿಡಿದು ಮೈದಾನಕ್ಕೆ ಕರೆತಂದು, ಗೆರೆಯ ಹತ್ತಿರದ ಬೇವಿನ ಮರದ ಬುಡದಲ್ಲಿ ರೊಟ್ಟಿ ಗಂಟಿನ ಸಂಗಡ ಕೂಡಿಸಿದೆ. ಬಿಸಿಲು ತಡೆಯದೆ ಅವರು ಕಣ್ಣಿನ ಮೇಲೆ ಸೆರಗು ಎಳೆದುಕೊಂಡರು.

ಓಟ ಶುರುವಾಯಿತು. ಎರಡನೆಯ ಸುತ್ತಿಗೆ ನಮ್ಮ ಹುಡುಗಿ ಮುಂದಾದಳು. ಮೂರನೆಯ ಸುತ್ತಿನ ಕೊನೆಗೆ ಅವಳಿಗೂ ಹಿಂದಿನವಳಿಗೂ ನಡುವೆ ನಲವತ್ತು ಹೆಜ್ಜೆ. ಗೆರೆ ಹತ್ತಿರ ಬಂದಾಗ, ಇನ್ನೊಂದೇ ಸುತ್ತು ಉಳಿದಿದೆ ಎಂದು ತಿಳಿಸಲು ಗಂಟೆ ಹೊಡೆದರು. ನಮ್ಮ ಶಾಲೆಯಲ್ಲಿ ಉದ್ದಕ್ಕೆ ಗಂಟೆ ಹೊಡೆದರೆ ಎಲ್ಲ ಮುಗಿಯಿತು, ಮನೆಗೆ ನಡೆಯಿರಿ ಎಂದರ್ಥ. ಅವಳ ಕಾಲಿಗೆ ಮೂರು ಸುತ್ತು ಆಗಿತ್ತು, ಕಿವಿಗೆ ಗಂಟೆ ಬಿದ್ದಿತ್ತು. ನಿಂತುಬಿಟ್ಟಳು. ಗೆರೆ ದಾಟಿ, ಪಕ್ಕಕ್ಕೆ ಸರಿದು, ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ನಿಂತಳು.

“ಏ ನೀಲಿ ರಿಬ್ಬನ್! ಇನ್ನೊಂದ್ ಸುತ್ತು ಐತಿ, ಓಡ!” ಎಂದು ಕೂಗಿದೆ. ಇನ್ನೊಂದು ಶಾಲೆಯ ನೀಲಿ ರಿಬ್ಬನ್ನಿನ ಹುಡುಗಿಯರಿಬ್ಬರು ತಿರುಗಿ ನೋಡಿದರು. ನಮ್ಮವಳ ತಲೆಗೆ ಅವತ್ತು ಓಡಲು ಹಗುರಾಗಲಿ ಎಂದು ನಾನೇ ಕಪ್ಪು ರಬ್ಬರ್ ಹಾಕಿದ್ದೆ. ಎದೆಗೆ ಹಚ್ಚಿದ ನಂಬರು ಕೂಗಿದೆ. ಅದು ಬೆಳಗ್ಗೆ ಪಿನ್ನು ಚುಚ್ಚಿ ಹಚ್ಚಿದ್ದು, ಅವಳಿಗೆ ನೆನಪಿದ್ದರೆ ತಾನೆ. ‘ಏ ಹುಡುಗಿ’ ಎಂದು ಅಲ್ಲಿ ಇಪ್ಪತ್ತು ಮಂದಿ ಕೂಗುತ್ತಿದ್ದರು. ಒಬ್ಬಳು ಅವಳನ್ನು ದಾಟಿದಳು. ಇನ್ನೊಬ್ಬಳು ದಾಟಿದಳು.

ಆಗ ನಾನು ಆ ಹೆಸರು ಕೂಗಿದೆ. ಹದಿನಾರು ವರ್ಷ ಬಾಯಿಗೆ ತಾರದ ಹೆಸರನ್ನು ಎದೆಯಿಂದ ಎತ್ತಿ, ಮೂರು ಸಲ, ಆಚೆ ರಸ್ತೆಗೂ ಕೇಳುವಂತೆ ಕೂಗಿದೆ.

ಹುಡುಗಿ ತಟ್ಟನೆ ತಲೆ ಎತ್ತಿದಳು. ನಾನು ಒಂದು ಬೆರಳು ತೋರಿಸಿದೆ. ಅವಳು ಬಿಟ್ಟ ಬಾಣವಾಗಲಿಲ್ಲ, ಅಂಥದ್ದೇನೂ ಆಗಲಿಲ್ಲ. ಅದೇ ಹಿಟ್ಟಿನ ಗಿರಣಿಗೆ ಹೊರಟ ಹದದಲ್ಲಿ ಓಟ ಶುರು ಮಾಡಿ, ಕೊನೆಯ ತಿರುವಿನಲ್ಲಿ ಒಬ್ಬಳನ್ನು ಹಿಂದೆ ಹಾಕಿದಳು. ಎರಡನೆಯವಳಾಗಿ ಗೆರೆ ಮುಟ್ಟಿದಳು. ಅಷ್ಟು ಸಾಕಿತ್ತು.

ಉಸಿರು ಬಿಟ್ಟು ತಿರುಗಿದೆ. ಬೇವಿನ ಬುಡದಲ್ಲಿ ಅತ್ತೆ ಎದ್ದು ನಿಂತಿದ್ದರು. ಸೆರಗು ಜಾರಿತ್ತು. ಕಾಣದ ಕಣ್ಣನ್ನು ಅಗಲಿಸಿ, ಕೈ ಮುಂದೆ ಚಾಚಿ, ಬಿಸಿಲಿನೊಳಗೆ ಎರಡು ಹೆಜ್ಜೆ ಬಂದಿದ್ದರು.

“ಓ! ಬಂದ್ನಿ, ಬಂದ್ನಿ!” ಎನ್ನುತ್ತಿದ್ದರು. ನಾನು ಓಡಿಹೋಗಿ ಕೈ ಹಿಡಿದೆ. “ಯಾರ ಬೇ ಅವ್ರು? ನಮ್ಮಣ್ಣನ ಕಡಿಯಾವ್ರ ಬಂದಾರೇನ?”

ಅವರ ತವರು ಇಂಡಿ ತಾಲೂಕಿನ ಕಡೆ. ಕೊನೆಯ ಅಣ್ಣ ತೀರಿಕೊಂಡೇ ಎಷ್ಟೋ ವರ್ಷವಾಗಿತ್ತು.

“ಯಾರೂ ಬಂದಿಲ್ರಿ ಅತ್ತಿ. ನಾನ ಕರದೇನ್ರಿ. ಆ ಹುಡುಗಿನ ಕರದೆ. ತಪ್ಪಾತ್ರಿ.”

ಅವರು ಕೈ ಬಿಡಿಸಿಕೊಂಡು, ಮರವನ್ನು ತಡವುತ್ತಾ ಹೋಗಿ ಕುಳಿತರು. ಸಿಟ್ಟಾಗಿದ್ದಾರೆ ಎಂದುಕೊಂಡೆ. ತಿರುಗಿ ಬರುವಾಗ ಟಂಟಂನಲ್ಲಿ ಹುಡುಗಿಯ ಅಪ್ಪ ಕನ್ನೊಳ್ಳಿ ದಾಟಿದ ಮೇಲೆ ಕೇಳಿದ: “ಜಿಲ್ಲಾಕ್ಕ ಎಷ್ಟ್ ಗಂಟೆಕ್ಕ ಬಿಡಬೇಕ್ರಿ ಟೀಚರ್ರ?” ನನಗೆ ಅಳು ಬಂತು. ಸೀಟಿ ಹಿಡಿದವಳು ಅಳಬಾರದೆಂದು ಹೊಲ ನೋಡುತ್ತಾ ಕುಳಿತೆ.

ಸಂಜೆ ಪಡಸಾಲೆಯಲ್ಲಿ ಅತ್ತೆಯನ್ನು ಮಲಗಿಸಿ ಕಣ್ಣಿಗೆ ಔಷಧ ಹಾಕಲು ಕುಳಿತೆ. ರೆಪ್ಪೆ ಎತ್ತಿ ಹಿಡಿದಾಗ ಅವರು ಹೇಳಿದರು:

“ನನ್ನ ಹೆಸರ್ಲೆ ಕರ್ಯಾವ್ರ ಯಾರೂ ಉಳದಿಲ್ಲ ಬೇ. ನಿಮ್ಮ ಮಾವ ಒಂದಿನಾನೂ ಕರೀಲಿಲ್ಲ. ನಮ್ಮಣ್ಣ ಕರೀತಿದ್ದ. ಅವ ಹೋದ ಮ್ಯಾಲ ಇವತ್ತ ಕೇಳಿದ್ನಿ. ಇನ್ನೊಮ್ಮಿ ಕರಿ, ನೋಡೂಣು.”

ಸೀಸೆ ಕೈಯಲ್ಲಿತ್ತು. ಬಾಯಿ ತೆರೆದೆ. ಮೈದಾನದಲ್ಲಿ ಮೂರು ಸಲ ಕೂಗಿದ ಹೆಸರು, ಈಗ ಕೇಳುತ್ತಿರುವವರು ಖುದ್ದು ಅವರೇ, ಆದರೂ ಬರಲಿಲ್ಲ.

“ಮ್ಯಾಲ ನೋಡ್ರಿ ಅತ್ತಿ,” ಎಂದೆ. ಹನಿ ಬಿತ್ತು. ಅವರು ಕಣ್ಣು ಮುಚ್ಚಿಕೊಂಡರು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮುಖಕ್ಕೆ ಮುಖ ಕೊಟ್ಟು ಆ ಹೆಸರು ಹೇಳಲು ನನಗೆ ಇವತ್ತಿಗೂ ಆಗಿಲ್ಲ, ಆಗುವ ಲಕ್ಷಣವೂ ಕಾಣುವುದಿಲ್ಲ. ಆದರೆ ಮರುದಿನ ಬೆಳಗ್ಗೆ ಹಾಜರಿ ಪುಸ್ತಕ ತೆಗೆದು ಐದನೆಯ ನಂಬರಿಗೆ ಬಂದಾಗ, ನಂಬರೂ ಅಡ್ಡಹೆಸರೂ ಬಿಟ್ಟು ಹೆಸರನ್ನೇ ಓದಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಯ ಆಚೆ ಮೊರದಲ್ಲಿ ಕಾಳು ಕೇರುವ ಸದ್ದು ನಿಂತಿತು.

ಈಗ ಅತ್ತೆಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಹಾಜರಿಯ ಹೊತ್ತಿಗೆ ಕೈಯಲ್ಲಿನ ಕೆಲಸ ಬಿಟ್ಟು, ಹಿತ್ತಲ ಗೋಡೆಯ ಪಕ್ಕದ ಕಲ್ಲಿನ ಮೇಲೆ ಬಂದು ಕೂಡುತ್ತಾರೆ. ಆ ಹೆಸರು ನಾಲ್ಕು ಸಲ ಬರುತ್ತದೆ. ನಾಲ್ಕು ಸಲವೂ ಜೋರಾಗಿ ಕರೆಯುತ್ತೇನೆ.