ಓನರಮ್ಮನ ಮೂರು ಬೇಡಗಳು

ಓನರಮ್ಮನ ಬಲ ಅಂಗೈ ಎಡ ಅಂಗೈಗಿಂತ ಕೆಂಪಗಿತ್ತು. ನೀರು ಮುಟ್ಟಿಸಿದ ಕೈಯಲ್ಲೇ ಬಿಸಿ ಮುದ್ದೆ ಕಟ್ಟಿ ಕಟ್ಟಿ ಬಂದ ಬಣ್ಣ ಅದು. ಆ ಕೈಯಲ್ಲಿ ಸೌಟು ಹಿಡಿದು ಬಡಿಸಲು ಬಂದರೆಂದರೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ತಟ್ಟೆಗೆ ಅಡ್ಡವಾಗಿ ಕೈ ಹಿಡಿದರೆ, ಸೌಟನ್ನು ಆ ಕೈಯ ಮೇಲೆಯೇ ತಂದು ನಿಲ್ಲಿಸಿ ಸುಮ್ಮನೆ ಕಾಯುತ್ತಿದ್ದರು. ಒಂದು ಹನಿ ಬಿಸಿ ಸಾರು ಮಣಿಕಟ್ಟಿನ ಮೇಲೆ ಬಿದ್ದ ಕೂಡಲೇ ಕೈ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಆಮೇಲೆ ಎರಡು ಸೌಟು ಬೀಳುತ್ತಿತ್ತು.

ಬೆಂಗಳೂರಿನ ಹೂಡಿಯಲ್ಲಿ ಅವರದು ಮೂರಂತಸ್ತಿನ ಪೀಜಿ, ಹುಡುಗಿಯರಿಗೆ ಮಾತ್ರ. ಹಿಂದೆ ಅದೇ ಜಾಗದಲ್ಲಿ ಅವರ ರಾಗಿ ಹೊಲ ಇತ್ತಂತೆ. ಈಗ ಪಾರ್ಕಿಂಗ್ ಇರುವಲ್ಲಿ ಕಣ ಇತ್ತು ಎಂದು ತೋರಿಸುತ್ತಿದ್ದರು. ಬಾಡಿಗೆ, ನೀರಿನ ಟ್ಯಾಂಕರು, ವೈಫೈ ಎಲ್ಲವೂ ಮಗನಿಗೆ ಸೇರಿದ್ದು. ಅಡುಗೆಮನೆ ಮಾತ್ರ ಅವರದು. ಸಹಾಯಕ್ಕೆ ಇಬ್ಬರು ಹೆಂಗಸರಿದ್ದರೂ ಒಗ್ಗರಣೆಯನ್ನು ಬೇರೆಯವರ ಕೈಗೆ ಬಿಡುತ್ತಿರಲಿಲ್ಲ. ಬಡಿಸುವುದನ್ನಂತೂ ಬಿಡುವ ಮಾತೇ ಇರಲಿಲ್ಲ.

ನಾನು ದಾವಣಗೆರೆಯಿಂದ ಬಂದವಳು. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವುದು ನನ್ನ ಕೆಲಸ. ಆ ಕೆಲಸದಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇರಬೇಕು, ಎರಡಾದರೆ ಯಾರದೋ ಬೆರಳು ಹೋಗುತ್ತದೆ. ಬಹುಶಃ ಅದಕ್ಕೇ ನನಗೆ ಉಪಚಾರದ ಮಾತುಗಳೆಂದರೆ ಅಷ್ಟಕ್ಕಷ್ಟೇ. ಅಲ್ಲಿದ್ದ ಹುಡುಗಿಯರಲ್ಲಿ ಕನ್ನಡ ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ದುಭಾಷಿಯ ಕೆಲಸವೂ ಬೇಡವೆಂದರೂ ಗಂಟುಬಿತ್ತು. ಓನರಮ್ಮ ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು.

"ಏನವ್ವಾ ದಾವಣಗೆರೆ, ಈ ಹುಡ್ಗಿ ಏನಂತಾವ್ಳೆ?"

"ಸಾಕಂತೆ ಅಮ್ಮ."

"ಸಾಕು ಅಂತ ಎಲ್ರೂ ಅಂತಾರೆ. ಅದ್ನ ಬಿಟ್ಟು ಇನ್ನೇನಂತಾವ್ಳೆ?"

ಅವರ ಲೆಕ್ಕ ಸರಳವಾಗಿತ್ತು. ಉಣ್ಣಲು ಕೂತವರು ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ, ಎರಡನೆಯ ಸಲ ಅನ್ನುವುದು ಸಂಕೋಚಕ್ಕೆ. ಮೂರನೆಯ ಸಲವೂ ಬೇಡ ಅಂದರೆ ಅದನ್ನು ಸ್ವಲ್ಪ ಯೋಚಿಸಬಹುದು. ದಾವಣಗೆರೆಯ ನಮ್ಮ ಮನೆಯಲ್ಲೂ ಹೀಗೇ ಇತ್ತು, ಸುಳ್ಳು ಹೇಳಬಾರದು. ಆದರೆ ಪೀಜಿಗೆ ಬಂದ ಹುಡುಗಿಯರು ಹಾಗೆ ಬೆಳೆದವರಲ್ಲ. ಬೇಡ ಅಂದರೆ ಅವರಿಗೆ ಬೇಡ.

ಒಂದು ಭಾನುವಾರ ಬೆಳಿಗ್ಗೆ ದೋಸೆ ಮಾಡಿದ್ದರು, ಜೊತೆಗೆ ಕಡಲೆಕಾಯಿ ಬೀಜದ ಚಟ್ನಿ. ಅಸ್ಸಾಂ ಕಡೆಯ ಹುಡುಗಿಯೊಬ್ಬಳು ಬಂದು ಇನ್ನೂ ಎರಡೇ ವಾರ ಆಗಿತ್ತು. ಚಟ್ನಿ ಕಂಡು ಅವಳು ಕೈಯಾಡಿಸಿ, "ನೋ ಆಂಟಿ, ಅಲರ್ಜಿ" ಎಂದಳು. ನಾನು ಆಗ ಸ್ನಾನಕ್ಕೆ ಹೋಗಿದ್ದೆ. ಓನರಮ್ಮ ಚಟ್ನಿಯ ಪಾತ್ರೆ ತೆಗೆದುಕೊಂಡು ಒಳಗೆ ಹೋದರು. ಹುಡುಗಿ ಮಾತು ತಲುಪಿತೆಂದುಕೊಂಡಳು. ಆದರೆ ಅವರು ತಮ್ಮ ಮೊಮ್ಮಗ ಹಟ ಮಾಡಿದಾಗ ಮಾಡುವ ಉಪಾಯವನ್ನೇ ಮಾಡಿದರು. ಮುಂದಿನ ದೋಸೆಯ ಒಳಗೆ ತೆಳ್ಳಗೆ ಚಟ್ನಿ ಸವರಿ, ಮೇಲೆ ತುಪ್ಪ ಹಾಕಿ, ಮಡಚಿ ತಂದು ತಟ್ಟೆಗೆ ಹಾಕಿದರು.

ನಾನು ಇಳಿದು ಬರುವಷ್ಟರಲ್ಲಿ ಆ ಹುಡುಗಿಯ ತುಟಿ ದಪ್ಪಗಾಗಿತ್ತು, ಉಸಿರು ಸಿಳ್ಳೆಯ ಹಾಗೆ ಕೇಳುತ್ತಿತ್ತು. ಓನರಮ್ಮನ ಮಗ ಕಾರು ತೆಗೆದ. ನಾನು ಹಿಂದಿನ ಸೀಟಿನಲ್ಲಿ ಅವಳನ್ನು ಒರಗಿಸಿಕೊಂಡು ಕೂತೆ. ಆಸ್ಪತ್ರೆಯಲ್ಲಿ ಸೂಜಿ ಹಾಕಿದ ಮೇಲೆ ಅವಳಿಗೆ ಉಸಿರು ಸಲೀಸಾಯಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನಗೇ ಹೇಳಿದರು. ಪೀಜಿಗೆ ಮರಳಿ ಅದನ್ನು ಕನ್ನಡಕ್ಕೆ ತಂದು ಓನರಮ್ಮನಿಗೆ ಹೇಳುವಾಗ ನಾನು ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ. ನನಗೆ ಸಿಟ್ಟು ಬಂದಿತ್ತು.

ಅವರು ಕೆಂಪು ಅಂಗೈಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಕೂತಿದ್ದರು. "ಬ್ಯಾಡ ಅಂದ್ಲು ಕಣವ್ವ. ಎಲ್ರೂ ಅಂತಾರಲ್ಲ ಬ್ಯಾಡ ಅಂತ" ಎಂದಷ್ಟೇ ಹೇಳಿದರು.

ಆ ಹುಡುಗಿ ನಾಲ್ಕನೆಯ ದಿನ ಬೇರೆ ಕಡೆ ಹೋದಳು. ಮಗ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದ. "ಅಮ್ಮ, ಇಷ್ಟ್ ದಿನ ಮಾಡಿದ್ದು ಸಾಕು. ಅಡುಗೆ ಕೇಟರಿಂಗ್‌ನೋರ್ಗೆ ಕೊಟ್ಬಿಡ್ತೀನಿ. ಅವರಾದ್ರೆ ಡಬ್ಬ ತಂದಿಟ್ಟು ಹೋಗ್ತಾರೆ, ಬೇಕಾದೋರು ಹಾಕ್ಕೊತಾರೆ. ನಾಳೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ ಮಾಡೋಣ ಹೇಳು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಓನರಮ್ಮನೂ ವಾದ ಮಾಡಲಿಲ್ಲ. ಹೊಲ ಹೋದಾಗ ಅವರು ಅತ್ತಿರಲಿಲ್ಲವಂತೆ, ಸೊಸೆ ಹೇಳಿದ್ದಳು. ಅಡುಗೆಮನೆ ಹೋಗುತ್ತದೆ ಅಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಲ ಹೋದ ಮೇಲೆ ಅವರ ಕೈಗೆ ಉಳಿದಿದ್ದ ಕೆಲಸ ಅದೊಂದೇ. "ಒಂದ್ ತಿಂಗ್ಳು ಕೊಡಪ್ಪ. ಆ ಮಕ್ಳು ಮಾತು ಕಲ್ತ್ಕೊತೀನಿ. ಬರ್ಲಿಲ್ಲ ಅಂದ್ರೆ ನೀನೇಳ್ದಂಗೇ ಮಾಡು" ಎಂದರು.

ಮರುದಿನ ಬೆಳಿಗ್ಗೆ ಅವರೆಕಾಯಿ ರಾಶಿಯನ್ನು ಮುಂದಿಟ್ಟುಕೊಂಡು ನನ್ನನ್ನು ಕೂಗಿದರು. ಕಾಯಿ ಬಿಡಿಸುತ್ತಾ ಕಲಿಯುವುದು, ನಾನು ಆಫೀಸಿಗೆ ಹೊರಡುವ ತನಕ. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ನಾನು ಹೇಳಿದ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಗ್ಯಾಸ್ ಒಲೆಯ ಮೇಲಿನ ಗೋಡೆಗೆ ಅಂಟಿಸುತ್ತಿದ್ದರು. ಸ್ಪೈಸಿ, ಆಯ್ಲಿ, ಬ್ಲ್ಯಾಂಡ್, ಸ್ಟೇಲ್, ಲೆಫ್ಟ್‌ಓವರ್. ಪದದ ಎದುರು ಅರ್ಥದ ಬದಲು ಹುಡುಗಿಯರ ರೂಮ್ ನಂಬರ್ ಬರೆದುಕೊಂಡಿದ್ದರು. ಪಿಕಿ ಅಂದರೆ ಮುನ್ನೂರ ಎರಡು, ತಟ್ಟೆಯಲ್ಲಿ ಕರಿಬೇವನ್ನು ಆರಿಸಿ ಸಾಲಾಗಿ ಜೋಡಿಸಿಡುವವಳು. ಡಯಟ್ ಅಂದರೆ ನೂರ ನಾಲ್ಕು, ಊಟ ಬಿಟ್ಟು ಬಿಸ್ಕತ್ತು ತಿನ್ನುವವಳು. ಸ್ಕಿಪ್ ಎಂಬ ಪದದ ಎದುರು ನನ್ನ ರೂಮಿನ ನಂಬರ್ ಇತ್ತು.

"ನಾನೇನ್ ಮಾಡಿದೆ ಅಮ್ಮ?"

"ಬುಧ್ವಾರ ನಾಷ್ಟ ಮಾಡ್ಲಿಲ್ಲ, ಗುರ್ವಾರ ಮಾಡ್ಲಿಲ್ಲ. ನಿಂದು ಸೋಂಬೇರಿ ಸ್ಕಿಪ್ಪು. ತಟ್ಟೆ ತೊಳೀಬೇಕಲ್ಲ ಅಂತ."

ಅದು ನಿಜವಾಗಿತ್ತು. ಅದಕ್ಕೇ ಇನ್ನಷ್ಟು ಕೋಪ ಬಂತು.

ಎಲ್ಲ ಪದಕ್ಕೂ ಅವರು ತಲೆಯಾಡಿಸುತ್ತಿರಲಿಲ್ಲ. ಟೇಸ್ಟಿ ಎಂಬುದನ್ನು ಗೋಡೆಗೆ ಹತ್ತಿಸಲಿಲ್ಲ. "ಚೆನ್ನಾಗೈತೆ ಅಂದ್ರೆ ಏನ್ ಗೊತ್ತಾಯ್ತದೆ? ಉಪ್ಪು ಇಡ್ದೈತಾ, ಉಳಿ ಏರೈತಾ, ಅದ್ನ ಯೋಳ್ಬೇಕು." ಬಾಳೆಕಾಯಿ ಒಗರಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಒಂದು ದಿನ ಕೇಳಿದರು. ನಾನು ಫೋನಿನಲ್ಲಿ ಹುಡುಕಿ ಅಸ್ಟ್ರಿಂಜೆಂಟ್ ಎಂದೆ. ಎರಡು ಸಲ ಪ್ರಯತ್ನ ಮಾಡಿ ಕೈಬಿಟ್ಟರು. "ಅಷ್ಟುದ್ದ ಯೋಳಾದ್ರೊಳ್ಗೆ ಬಾಯಿನ್ ಒಗರೇ ಒಂಟೋಯ್ತದೆ ಬಿಡು."

ಕಷ್ಟವಾದದ್ದು ಬೇಡ ಎಂಬುದನ್ನು ಕಲಿಸುವುದು. ನಾನು ಮೂರು ಸಾಲು ಬರೆದುಕೊಟ್ಟೆ. ಡೋಂಟ್ ವಾಂಟ್ ಅಂದರೆ ಈಗ ಬೇಕಾಗಿಲ್ಲ. ಡೋಂಟ್ ಲೈಕ್ ಅಂದರೆ ಆ ಪದಾರ್ಥವೇ ಸೇರುವುದಿಲ್ಲ. ಕೆನಾಟ್ ಅಂದರೆ ತಿಂದರೆ ಮೈಗೆ ಅಪಾಯ, ಇಲ್ಲವೇ ಅವರ ಮನೆಯಲ್ಲಿ ನಿಷೇಧ. ಆ ಹಾಳೆಯನ್ನು ಅವರು ಬಹಳ ಹೊತ್ತು ನೋಡಿದರು. ಅಸ್ಸಾಮಿನ ಹುಡುಗಿಯದು ಯಾವ ಸಾಲು ಎಂದು ಕೇಳಿದರು. ಮೂರನೆಯದು ಎಂದೆ. ಆ ಸಾಲಿನ ಕೆಳಗೆ ಅರಿಶಿನದ ಬೆರಳಿನಿಂದ ಗೆರೆ ಎಳೆದರು.

"ಕೆನಾಟ್ ಅಂದ್ರೆ ಕೈ ಇಂದಕ್ಕೆ. ಲೈಕ್ ಇಲ್ಲ ಅಂದ್ರೆ ಬ್ಯಾರೆ ಏನಾರ ಕೊಡಾದು. ವಾಂಟ್ ಇಲ್ಲ ಅಂದ್ರೆ ಇನ್ನೊಂದ್ ಸಲ ಕೇಳಾದು" ಎಂದು ತಮಗೆ ತಾವೇ ಪಾಠ ಒಪ್ಪಿಸಿಕೊಂಡರು.

"ಇನ್ನೊಂದ್ ಸಲ ಯಾಕ್ರೀ ಅಮ್ಮ? ಇಂಗ್ಲಿಷಿನಾಗೆ ಬೇಡ ಅಂದ್ರ ಬೇಡ, ಮುಗೀತು. ಮತ್ತೆ ಮತ್ತೆ ಕೇಳಿದ್ರೆ ಅವರಿಗೆ ಕಿರಿಕಿರಿ ಆಗ್ತತಿ."

"ಇಂಗ್ಲೀಸಲ್ಲಿ ಅಂಗಿರ್ಬೋದು ಕಣವ್ವ. ಒಟ್ಟೇಲಿ ಅಂಗಿರಲ್ಲ."

ನಾನು ಬಿಡಲಿಲ್ಲ. ಒಂದೇ ಸಲ ಕೇಳಿ, ಉತ್ತರ ಬಂದ ಮೇಲೆ ಸುಮ್ಮನಾಗಿ ಎಂದು ದಿನವೂ ಹೇಳಿದೆ. ಅವರು ಹೂಂ ಅನ್ನುತ್ತಿದ್ದರು. ಯಾವ ಹೂಂ ಎಂದು ತಿಳಿಯುತ್ತಿರಲಿಲ್ಲ.

ತಿಂಗಳು ತುಂಬಿದ ದಿನ ಮಗ ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದು ಗೋಡೆಗೆ ಒರಗಿ ನಿಂತ. ಇಂದೋರಿನ ಹೊಸ ಹುಡುಗಿಯೊಬ್ಬಳು ಮಜ್ಜಿಗೆ ಲೋಟದ ಮೇಲೆ ಕೈ ಅಡ್ಡ ಹಿಡಿದಳು. ಓನರಮ್ಮ ಮಗನ ಕಡೆ ನೋಡಲೂ ಇಲ್ಲ. ಅಡ್ಡ ಹಿಡಿದ ಕೈಯ ಮೇಲೆ ಸೌಟನ್ನೂ ತರಲಿಲ್ಲ. ಒಂದು ಹೆಜ್ಜೆ ಹಿಂದೆ ನಿಂತು ಕೇಳಿದರು.

"ಯಾವ ಬ್ಯಾಡ? ಡೋಂಟ್ ವಾಂಟಾ, ಡೋಂಟ್ ಲೈಕಾ, ಕೆನಾಟಾ?"

ಹುಡುಗಿ ನಕ್ಕುಬಿಟ್ಟಳು. ಆಮೇಲೆ ನಗು ನಿಲ್ಲಿಸಿ, ಕೆನಾಟ್ ಆಂಟಿ, ಹಾಲು ಮೈಗೆ ಒಗ್ಗುವುದಿಲ್ಲ ಎಂದು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಓನರಮ್ಮ ಬೆರಳು ಮಡಚುತ್ತಾ ಹೋದರು. "ಕರ್ಡ್? ಘೀ? ಪನೀರ್? ಪಾಯ್ಸ?" ಒಂದೊಂದಕ್ಕೂ ಉತ್ತರ ಬರುವವರೆಗೆ ಮುಂದಿನ ಬೆರಳು ಮಡಚಲಿಲ್ಲ. ಮೊಸರು ಹಾಕಿದ ಕೋಸಂಬರಿಯನ್ನು ಅವಳ ತಟ್ಟೆಯಿಂದ ತೆಗೆದು, ತಟ್ಟೆಯನ್ನೇ ಬದಲಾಯಿಸಿದರು. ಮಗ ಮೆಟ್ಟಿಲಿಳಿದು ಹೋದ. ಕೇಟರಿಂಗ್‌ನವರು ಬರಲಿಲ್ಲ. ಆ ದಿನ ನನ್ನ ಲೋಟಕ್ಕೆ ಕೇಳದೆಯೇ ಎರಡು ಸಲ ಮಜ್ಜಿಗೆ ಬಿತ್ತು, ಗುರುದಕ್ಷಿಣೆ ಇರಬೇಕು.

ನಾನು ಅಲ್ಲಿದ್ದದ್ದು ಮೂರು ವರ್ಷ. ಮದುವೆಯಾಗಿ ದೊಡ್ಡನೆಕ್ಕುಂದಿಗೆ ಬಂದ ಮೇಲೆ ಹಬ್ಬಕ್ಕೊಮ್ಮೆ ಫೋನು, ಅಷ್ಟೇ. ಹೋಗಬಹುದಿತ್ತು, ದೂರವೇನಿಲ್ಲ. ಹೋಗಲಿಲ್ಲ. ಹೋದ ವರ್ಷ ಅವರ ಸೊಸೆ ಫೋನು ಮಾಡಿ, ಅತ್ತೆಗೆ ಹುಷಾರಿಲ್ಲ, ಊಟ ಸೇರುತ್ತಿಲ್ಲ, ನಿಮ್ಮನ್ನು ಒಂದೆರಡು ಸಲ ಕೇಳಿದರು ಎಂದಳು. ಅಡುಗೆಮನೆಯನ್ನು ಆರು ತಿಂಗಳ ಹಿಂದೆ ಅವರೇ ಕೈಯಾರೆ ಕೇಟರಿಂಗ್‌ಗೆ ಬಿಟ್ಟುಕೊಟ್ಟಿದ್ದರಂತೆ, ನಿಲ್ಲಲು ಆಗುತ್ತಿರಲಿಲ್ಲವಂತೆ. ನಾನು ಅನ್ನವನ್ನು ಮೆತ್ತಗೆ ಬೇಯಿಸಿ, ಮೊಸರು ಕಲಸಿ, ಡಬ್ಬಿಗೆ ಹಾಕಿಕೊಂಡು ಹೋದೆ.

ಮಂಚದ ಮೇಲೆ ಅವರು ಬಹಳ ಸಣ್ಣಗೆ ಕಂಡರು. ಬಲ ಅಂಗೈ ಎಡ ಅಂಗೈಯ ಬಣ್ಣಕ್ಕೇ ತಿರುಗಿತ್ತು. ಡಬ್ಬಿ ತೆರೆದು ಒಂದು ಚಮಚ ಮುಂದೆ ಹಿಡಿದೆ.

"ಬ್ಯಾಡ ಕಣವ್ವ."

"ಸರಿ ಅಮ್ಮ" ಎಂದು ಮುಚ್ಚಳ ಹಾಕಿದೆ. ಕಾಯಿಲೆಯವರನ್ನು ಪೀಡಿಸಬಾರದು ಎಂದುಕೊಂಡೆ. ಅರ್ಧ ಗಂಟೆ ಕೂತು ಅದು ಇದು ಮಾತಾಡಿದೆ. ಅವರು ಒಂದೆರಡು ಸಲ ಡಬ್ಬಿಯ ಕಡೆ ನೋಡಿದ್ದು ಕಂಡಿತ್ತು. ಡಬ್ಬಿ ಹೊಸದು, ಅದಕ್ಕೆ ನೋಡುತ್ತಿದ್ದಾರೆ ಎಂದುಕೊಂಡೆ. ಮನೆಗೆ ಬಂದು ಆ ಮೊಸರನ್ನ ನಾನೇ ತಿಂದೆ.

ಅದಾದ ಆರನೆಯ ದಿನ ಹೋಗಿಬಿಟ್ಟರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು. ಅವಳಿಗೆ ನೋಯಿಸುವ ಉದ್ದೇಶವಿರಲಿಲ್ಲ, ಅತ್ತೆಯ ತಮಾಷೆಯೊಂದನ್ನು ಹೇಳುವವಳಂತೆ ಹೇಳಿದಳು. "ಅವತ್ತು ನೀವು ಹೋದ್ಮೇಲೆ ಅತ್ತೆ ಒಬ್ರೇ ನಗ್ತಾ ಇದ್ರು ಅಕ್ಕ. ಏನು ಅಂದೆ. 'ಮೊಸ್ರನ್ನದ ವಾಸ್ನೆ ಗಮ್ ಅಂತಿತ್ತು ಕಣೆ. ದಾವಣಗೆರೆ ನಂಗೆ ಪಾಠ ಯೋಳ್ಕೊಟ್ಟು, ಯಾವ ಬ್ಯಾಡ ಅಂತ ಅವಳೇ ಕೇಳ್ಲಿಲ್ಲ ನೋಡು' ಅಂದ್ರು. ಆಮೇಲೆ ನಾನು ಒಂಚೂರು ಕಲಸಿ ಕೊಟ್ಟೆ. ಎರಡು ತುತ್ತು ತಿಂದ್ರು."

ನಾನು ಮೆಟ್ಟಿಲ ಹಿಂದೆ ಹೋಗಿ ಅತ್ತುಬಿಟ್ಟೆ. ಹಾಗೆ ಎಲ್ಲೆಂದರಲ್ಲಿ ಅಳುವವಳಲ್ಲ ನಾನು.

ಊಟಕ್ಕೆ ಎಲೆ ಹಾಕಿದ್ದು ಪಾರ್ಕಿಂಗ್ ಜಾಗದಲ್ಲಿ. ಬಡಿಸುತ್ತಿದ್ದವರು ಕೇಟರಿಂಗ್‌ನವರು, ಕೈಗೆ ಗ್ಲೌಸ್ ಹಾಕಿಕೊಂಡಿದ್ದರು. ಪಾಯಸ ಎರಡನೆಯ ಸಲ ಬಂದಾಗ ನಾನು ಅಭ್ಯಾಸದಂತೆ ಎಲೆಗೆ ಕೈ ಅಡ್ಡ ಹಿಡಿದು ಬೇಡ ಎಂದೆ. ಬಡಿಸುವವನು "ಸರಿ ಮೇಡಂ" ಎಂದು ಮುಂದಿನ ಎಲೆಗೆ ಹೋದ. ಅವನದೇನೂ ತಪ್ಪಿಲ್ಲ. ನನಗೆ ಪಾಯಸ ಬೇಕಿತ್ತು. ಇನ್ನೊಂದು ಸಲ ಯಾರಾದರೂ ಕೇಳುತ್ತಾರೇನೋ ಎಂದು ಎಲೆ ಮಡಚದೆ ಸ್ವಲ್ಪ ಹೊತ್ತು ಕೂತೇ ಇದ್ದೆ.