ಪಪ್ಪಾಯಿ ಪಲ್ಯಕ್ಕೆ ಬೈಯದ ದಿನ

ಪಿತ್ತಕೋಶದ ಕಲ್ಲಿಗೆ ಹೊಟ್ಟೆ ಕೊಯ್ಸಿಕೊಂಡು ಟಾಲಿಗಂಜ್ ಕಡೆಯ ಆಸ್ಪತ್ರೆಯಲ್ಲಿ ಮಲಗಿದ್ದೆ. ಬಂಗಾಳಿ ನರ್ಸ್ ಹುಡುಗಿ ಬಂದು, "ಮಾಶಿಮಾ, ನೋವು ಹತ್ತರಲ್ಲಿ ಎಷ್ಟು?" ಅಂದಳು. ಇಲ್ಲಿ ಬಂಗಾಳದಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು, ನಾವು ದೊಡ್ಡಮ್ಮ ಅಂದ ಹಾಗೆ.

"ನಾನು ಶಾಲೆಗೆ ಹೋದದ್ದೇ ಮೂರನೇ ಕ್ಲಾಸಿನವರೆಗೆ. ನೋವಿಗೆ ಮಾರ್ಕು ಕೊಡ್ಲಿಕ್ಕೆ ನಾನೆಂತ ಟೀಚರಾ?"

ನನ್ನ ಬಂಗಾಳಿ ಮಾತು, ತರಕಾರಿಯವನ ಹತ್ತಿರ ಜಗಳ ಮಾಡಿ ಕಲಿತದ್ದು. ಅದರಲ್ಲಿ ಬೈಯಲಿಕ್ಕೆ ಬರುತ್ತದೆ, ನೋವು ಹೇಳಲಿಕ್ಕೆ ಬರುವುದಿಲ್ಲ.

ಮಧ್ಯಾಹ್ನ ಅವಳೇ ಊಟ ತರುತ್ತಿದ್ದಳು. ದಿನಾ ಮೆತ್ತಗಿನ ಅನ್ನ, ಹಸಿ ಪಪ್ಪಾಯಿ ಪಲ್ಯ. ಮದುವೆಯಾಗಿ ಉಡುಪಿಯಿಂದ ಬಂದಾಗಿನಿಂದ ನಮ್ಮ ಹೋಟೆಲಿನ ಒಲೆ ಮುಂದೆ ನಿಂತವಳು ನಾನು, ಸುಮ್ಮನೆ ನುಂಗುತ್ತೇನಾ?

"ಈ ಪಪ್ಪಾಯಿಗೂ ಉಪ್ಪಿಗೂ ಮಾತು ಬಿಟ್ಟುಹೋಗಿದೆಯಾ?"

"ಇದು ನಿಮ್ಮ ಹೋಟೆಲ್ ಅಲ್ಲ, ಆಸ್ಪತ್ರೆ. ತಿನ್ನಿ."

"ಆಸ್ಪತ್ರೆಯಾದ್ರೆ ರೋಗಿಗೆ ನಾಲಗೆ ಇಲ್ವಾ?"

ನಗುತ್ತಾ ದಿಂಬು ಸರಿಮಾಡಿ ಹೋಗುತ್ತಿದ್ದಳು. ದಿನಾ ಇದೇ.

ಶನಿವಾರ ಡಾಕ್ಟರು, ನೋವಿಲ್ಲದಿದ್ದರೆ ಸೋಮವಾರ ಮನೆಗೆ ಹೋಗಿ ಅಂದರು. ಆಗಲೇ ಹೊಲಿಗೆಯ ಒಂದು ಬದಿ ಉರಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಮತ್ತೆ ಮಲಗಿಸುತ್ತಾರೆ. ಹೋಟೆಲಲ್ಲಿ ಮಗ ಸಾಂಬಾರಿಗೆ ಬೆಲ್ಲ ಬಿಟ್ಟು ಸಕ್ಕರೆ ಹಾಕಲು ಶುರುಮಾಡಿದ್ದ. "ಅಜ್ಜಿ, ಸಾಂಬಾರ್ ಫುಲ್ ಮಿಷ್ಟಿ, ಬರೀ ಸಿಹಿ," ಅಂತ ಮೊಮ್ಮಗಳು ಫೋನಿನಲ್ಲಿ ಚಾಡಿ ಹೇಳಿದ್ದಳು. ಅದನ್ನು ಕೇಳಿದ ಮೇಲೆ ಮಲಗುವುದು ಹೇಗೆ?

ಭಾನುವಾರ ಮೈ ನಡುಗುತ್ತಿತ್ತು. ಪಲ್ಯ ಎರಡು ತುತ್ತು ತಿಂದು ತಟ್ಟೆ ಬದಿಗಿಟ್ಟೆ. ಹುಡುಗಿ ತಟ್ಟೆ ತೆಗೆಯಲು ಬಂದವಳು ನನ್ನ ಬಾಯಿಯನ್ನೇ ನೋಡುತ್ತಾ ನಿಂತಳು.

"ಪಪ್ಪಾಯಿ ಹೇಗಿತ್ತು?"

"ಚೆನ್ನಾಗಿತ್ತು."

ಅವಳ ಮುಖದ ನಗು ಹೋಯಿತು. "ಹೊಟ್ಟೆ ತೋರಿಸಿ."

"ಎಂತದೂ ಇಲ್ಲ, ಹೋಗು ಮಾರಾಯ್ತಿ."

"ಆ ಪಲ್ಯ ಚೆನ್ನಾಗಿತ್ತು ಅಂದವರ ಮಾತು ನಾನು ನಂಬಲ್ಲ. ತೋರಿಸಿ."

ಪಟ್ಟಿ ಬಿಚ್ಚಿದರೆ ಒಳಗೆ ಕೀವು. ಡಾಕ್ಟರನ್ನು ಕರೆಸಿದಳು. ಅವರು ಹೊಲಿಗೆ ಬಿಚ್ಚಿ ತೊಳೆಯುವಾಗ ನಾನು "ಹತ್ತಕ್ಕೆ ಹತ್ತು!" ಅಂತ ಕಿರುಚಿದೆ. ಅವಳು ನನ್ನ ಕೈ ಬಿಡಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ವಿಷ ರಕ್ತಕ್ಕೆ ಏರುತ್ತಿತ್ತಂತೆ. ಸಕ್ಕರೆ ಸಾಂಬಾರಿಗೋಸ್ಕರ ಸತ್ತವಳು ಅಂತ ಆಗುತ್ತಿತ್ತು ನನ್ನ ಕತೆ.

ಮತ್ತೂ ಒಂದು ವಾರ ಅದೇ ಪಪ್ಪಾಯಿ ತಿಂದೆ, ಬೈದುಕೊಂಡೇ ತಿಂದೆ. ಆಮೇಲೆ ಮನೆಗೆ ಕಳಿಸಿದರು.

ಈಗ ರಜೆ ಸಿಕ್ಕಿದಾಗ ಹುಡುಗಿ ಹೋಟೆಲಿಗೆ ಬರುತ್ತಾಳೆ. ದೋಸೆ ತಿನ್ನುತ್ತಾ, "ಏನಿದು ಮಾಶಿಮಾ, ಸಾಂಬಾರಾ ಮೆಣಸಿನ ನೀರಾ?" ಅಂತ ಎಲ್ಲರೆದುರು ಕೇಳುತ್ತಾಳೆ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ತಟ್ಟೆ ಕಸಿದುಕೊಳ್ಳುತ್ತಿದ್ದೆ. ಇವಳಿಗೆ ಇನ್ನೊಂದು ದೋಸೆ ಹಾಕುತ್ತೇನೆ. ಬೈಯುತ್ತಾಳೆ ಅಂದರೆ ಹುಡುಗಿ ಗಟ್ಟಿಯಾಗಿದ್ದಾಳೆ.