ಬೆರಳು ತೋರಿಸಿದ ಮಂಜ

ಸ್ನೇಹಿತರೇ, ಇವತ್ತು ನನ್ನ ಬಾಲ್ಯದ ಗೆಳೆಯ ಮಂಜ ನನಗೆ ದ್ರೋಹ ಬಗೆದ, ಅದೂ ನಮ್ಮನೆಯ ಅಟ್ಟದ ಮೇಲೆ! ವರ್ಷದಿಂದ ಅಲ್ಲೇ ಒಣಗಲು ಹಾಕಿದ್ದ ತೆಂಗಿನಕಾಯಿ ಒಡೆದು ಕೊಬ್ಬರಿ ತೆಗೆಯುತ್ತಾ, ಒಂದೇ ಇಯರ್‌ಫೋನನ್ನು ಒಬ್ಬರಿಗೊಂದು ಕಿವಿಯಂತೆ ಹಂಚಿಕೊಂಡು ಮೊಬೈಲಿನಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ನೋಡುತ್ತಿದ್ದೆವು. ಅದರಲ್ಲೊಂದು ಸಾವಿನ ಆಟ. ಗೆಳೆಯನತ್ತ ಬೆರಳು ತೋರಿಸಿದವನು ಮಾತ್ರ ಬದುಕುತ್ತಾನೆ. ನಾಯಕನ ಜೀವದ ಗೆಳೆಯನೇ ಬೆರಳೆತ್ತಿಬಿಟ್ಟ.

"ಥೂ, ನಾನಾಗಿದ್ರೆ ಸತ್ರೂ ನಿನ್ ಹೆಸ್ರು ಹೇಳ್ತಿರಲಿಲ್ಲ ಕಣ್ಲಾ" ಎಂದು ಮಂಜ ಕಣ್ಣೊರೆಸಿಕೊಂಡ.

ಕಾಯಿಯನ್ನು ಅಲ್ಲಾಡಿಸಿ, ಒಳಗೆ ನೀರಿನ ಸದ್ದಿಲ್ಲದಿದ್ದರೆ ಮಾತ್ರ ಒಡೆಯಬೇಕು. ನಮ್ಮ ಕಿವಿ ಆಟದಲ್ಲಿತ್ತು. ನೀರು ಆರದ, ಇನ್ನೂ ಕೊಬ್ಬರಿಯಾಗದ ಹತ್ತು ಕಾಯಿ ಒಡೆದು ಕೂತಿದ್ದೆವು.

ಅಮ್ಮ ಮೇಲೆ ಬಂದವರೇ, "ಯಾರ್ಲಾ ಇವನ್ನ ಒಡ್ದೋನು? ತಿಪಟೂರು ಕೊಬ್ರಿ ಮಂಡಿಗೆ ತಗೊಂಡೋದ್ರೆ ನಗ್ತಾರೆ!" ಎಂದರು.

ಮಂಜನ ಬೆರಳು ಆಗಲೇ ನನ್ನ ಕಡೆಗಿತ್ತು. "ಇವ್ನೇ ಕಣಮ್ಮ!"

ಸಂಜೆ ಅಮ್ಮ ಅದೇ ಕಾಯಿ ತುರಿದು ಹೋಳಿಗೆ ಮಾಡಿ, "ಒಡ್ದೋನು ಯಾರೋ ಅವ್ನಿಗೇ ಮೊದ್ಲು" ಎಂದರು.

"ಅರ್ಧ ನಾನೂ ಒಡ್ದೆ ಕಣಮ್ಮ" ಎಂದು ಮಂಜ ತಟ್ಟೆ ಚಾಚಿದ.

ರಾತ್ರಿ ಕೂತು ಮುಂದಿನ ಎಂಟು ಕಂತು ನೋಡಿದರೂ ಅನಿಮೆಯ ದ್ರೋಹಿ ತಪ್ಪೊಪ್ಪಿಕೊಂಡಿಲ್ಲ. ನಮ್ಮವನಿಗೆ ಹೋಳಿಗೆಯ ವಾಸನೆಯೇ ಸಾಕಾಯಿತು.